ಪಿಎಚ್‌ಡಿ ನಡುವೆ ಒಂದು ಸೆಮಿಸ್ಟರ್ ಜರ್ಮನಿಗೆ: ಹೊರಡುವ ಮುಂಚೆ ಇಲ್ಲೇ ಮುಗಿಸಿಕೊಳ್ಳಬೇಕಾದ್ದೇನು?

ಕೆಂಪುಮಣ್ಣು, ಧಾರವಾಡ

ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಪಿಎಚ್‌ಡಿ, ಮೂರನೇ ವರ್ಷ. ವಿಷಯ ಬಾಸೆಲ್ ಮಿಷನ್ನಿನ (ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಕಡೆ ಬಂದ ಕ್ರೈಸ್ತ ಮಿಷನರಿ ಸಂಸ್ಥೆ) ಶಾಲೆಗಳು. ಹೈಡೆಲ್‌ಬರ್ಗಿನ ಪ್ರಾಧ್ಯಾಪಕರೊಬ್ಬರು ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅತಿಥಿ ಸಂಶೋಧಕರಾಗಿ ಬನ್ನಿ ಅಂತ ಮೇಲ್‌ನಲ್ಲಿ ಒಪ್ಪಿದ್ದಾರೆ. ಅಧಿಕೃತ ಪತ್ರ ಇನ್ನೂ ಬಂದಿಲ್ಲ. ಖರ್ಚಿಗೆ ಅರ್ಧ ಸ್ಕಾಲರ್‌ಶಿಪ್, ಅರ್ಧ ಮನೆಯ ದುಡ್ಡು. ಪತ್ರದಲ್ಲಿ ಏನೇನು ಬರೆಸಿಕೊಳ್ಳಬೇಕು, ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ಎಡವುತ್ತಾರೆ, ತಿಳಿದವರು ಹೇಳಿ.

ನೆಕ್ಕಾರ್ ದಂಡೆ

ಮೊದಲು ಕ್ಯಾಲೆಂಡರ್ ನೋಡಿ. ಚಳಿಗಾಲದ ಸೆಮಿಸ್ಟರ್ ಅಂದರೆ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ತರಗತಿ, ಸೆಮಿನಾರ್ ಶುರುವಾಗುವುದು ಅಕ್ಟೋಬರ್ ಮಧ್ಯಕ್ಕೆ, ಮುಗಿಯುವುದು ಫೆಬ್ರವರಿ ಮಧ್ಯಕ್ಕೆ. ಡಿಸೆಂಬರ್ 24ರಿಂದ ಜನವರಿ 6ರವರೆಗೆ ಇಡೀ ಕ್ಯಾಂಪಸ್ ಬಾಗಿಲು ಹಾಕಿದ ಹಾಗೆಯೇ. ಬಂದ ಮೊದಲ ಮೂರು ವಾರ ಕಚೇರಿ, ಬ್ಯಾಂಕು, ಮನೆ ಅಂತ ಹೋಗುತ್ತದೆ, ಕೊನೆಯ ಎರಡು ವಾರ ಗಂಟುಮೂಟೆ ಕಟ್ಟುವುದಕ್ಕೆ. ಆರು ತಿಂಗಳಲ್ಲಿ ನಿಜವಾದ ಕೆಲಸಕ್ಕೆ ಉಳಿಯುವುದು ಸುಮಾರು ಹತ್ತೊಂಬತ್ತು ವಾರ. ಅಲ್ಲಿ ಮಾತ್ರ ಆಗುವ ಕೆಲಸಕ್ಕೆ ಅಷ್ಟೂ ವಾರ ಸಿಗಬೇಕು. ಮಿಕ್ಕಿದ್ದೆಲ್ಲ ವಿಮಾನ ಹತ್ತುವ ಮುಂಚೆಯೇ ಮುಗಿದಿರಬೇಕು.

ಪತ್ರದ ವಿಷಯಕ್ಕೆ ಬರುತ್ತೇನೆ. ಲೆಟರ್‌ಹೆಡ್, ಸಹಿ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ನಿಮ್ಮ ಹೆಸರು, ಜನ್ಮದಿನಾಂಕ, ಬರುವ ದಿನ, ಹೋಗುವ ದಿನ, ಸಂಶೋಧನೆಯ ವಿಷಯ, ಕೂರಲು ಜಾಗ ಮತ್ತು ಗ್ರಂಥಾಲಯ ಸೌಲಭ್ಯ ಉಂಟೋ ಇಲ್ಲವೋ, ಖರ್ಚು ಯಾರದು, ಇಷ್ಟು ಇರಲೇಬೇಕು. "ಚಳಿಗಾಲದ ಸೆಮಿಸ್ಟರಿಗೆ ಸ್ವಾಗತ" ಅನ್ನುವ ಎರಡು ಸಾಲಿನ ಪತ್ರ ವೀಸಾಕ್ಕೆ ಸಾಲುವುದಿಲ್ಲ. ಬರುವ ದಿನವನ್ನು ತರಗತಿ ಶುರುವಾಗುವುದಕ್ಕಿಂತ ಎರಡು ವಾರ ಮುಂಚೆ ಹಾಕಿಸಿ. ಪತ್ರದಲ್ಲಿ ಅಕ್ಟೋಬರ್ 15 ಅಂತ ಇದ್ದರೆ ವೀಸಾವೂ ಸಾಮಾನ್ಯವಾಗಿ ಅದರ ಆಸುಪಾಸಿನಿಂದಲೇ ಶುರುವಾಗುತ್ತದೆ.

ಇನ್ನೊಂದು ಮಾತನ್ನು ಈಗಲೇ ಕೇಳಿ ಲಿಖಿತವಾಗಿ ತರಿಸಿಕೊಳ್ಳಿ: ನಿಮ್ಮನ್ನು ಯಾವ ವರ್ಗದಲ್ಲಿ ದಾಖಲಿಸುತ್ತಾರೆ? ಬರೀ ಅತಿಥಿಯೋ, ಡಾಕ್ಟರಲ್ ವಿದ್ಯಾರ್ಥಿಯೋ, ತಾತ್ಕಾಲಿಕ ವಿದ್ಯಾರ್ಥಿಯೋ? ಹೈಡೆಲ್‌ಬರ್ಗ್, ಟ್ಯೂಬಿಂಗನ್ ಥರದ ವಿಶ್ವವಿದ್ಯಾಲಯಗಳು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದವು. ಅಲ್ಲಿ 2017ರ ಚಳಿಗಾಲದಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ಡಾಕ್ಟರಲ್ ವಿದ್ಯಾರ್ಥಿಗಳಿಗೆ ಆ ಶುಲ್ಕ ಇಲ್ಲ. ದಾಖಲಾತಿ ಫಾರಂನಲ್ಲಿ ಒಂದು ಟಿಕ್ ತಪ್ಪಿದರೆ ಒಂದೂವರೆ ಸಾವಿರ ಯೂರೋ ಕೈಬಿಟ್ಟು ಹೋಗಬಹುದು.

ಅರ್ಜಿ ಫಾರಂ

ವೀಸಾ ಭಾಗ ನಾನು ಹೇಳುತ್ತೇನೆ. 180 ದಿನಗಳಲ್ಲಿ 90 ದಿನದ ಒಳಗಾದರೆ ಷೆಂಗನ್ ವೀಸಾ, ಅದಕ್ಕಿಂತ ಹೆಚ್ಚಾದರೆ ರಾಷ್ಟ್ರೀಯ ವೀಸಾ, ಅಂದರೆ 'ಡಿ' ವೀಸಾ, ಶುಲ್ಕ 75 ಯೂರೋ. ನಿಮ್ಮದು ಎರಡನೆಯದು. ಮೂರು ತಿಂಗಳ ಷೆಂಗನ್ ಮೇಲೆ ಹೋಗಿ ಅಲ್ಲೇ ಮುಂದುವರಿಸಿಕೊಳ್ಳೋಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಆ ದಾರಿ ಇಲ್ಲ.

ಸಂಸ್ಥೆ 'ಹೋಸ್ಟಿಂಗ್ ಅಗ್ರಿಮೆಂಟ್' ಅನ್ನುವ ಒಪ್ಪಂದ ಮಾಡಿಕೊಟ್ಟರೆ ಸಂಶೋಧಕರ ವೀಸಾ ಆಗುತ್ತದೆ. ಬರೀ ಆಹ್ವಾನ ಪತ್ರವಾದರೆ ದಾರಿ ಬೇರೆ, ಕೇಳುವ ಕಾಗದಗಳೂ ಬೇರೆ. ಒಪ್ಪಂದ ಕೊಡುತ್ತಾರೆಯೇ ಅಂತ ವಿಶ್ವವಿದ್ಯಾಲಯದ ವೆಲ್ಕಮ್ ಸೆಂಟರಿಗೆ ಬರೆದು ಕೇಳಿ. ಪ್ರಾಧ್ಯಾಪಕರಿಗೆ ಇದರ ವಿವರ ಎಷ್ಟೋ ಸಲ ಗೊತ್ತಿರುವುದಿಲ್ಲ, ಆ ಕೇಂದ್ರದವರಿಗೆ ಅದೇ ದಿನನಿತ್ಯದ ಕೆಲಸ. ವೀಸಾವನ್ನು ಪೂರ್ತಿ ಅವಧಿಗೆ ಕೊಡಿ ಅಂತ ಅರ್ಜಿಯಲ್ಲೇ ಕೇಳಿ. ಡಿ ವೀಸಾ ಒಂದು ವರ್ಷದವರೆಗೂ ಕೊಡಬಹುದು. ಆರು ತಿಂಗಳಿಗೂ ಸಿಕ್ಕರೆ ಅಲ್ಲಿ ವಾಸ ಪರವಾನಗಿಗೆ ಮತ್ತೆ ಓಡಾಡುವುದು ತಪ್ಪುತ್ತದೆ.

ಅಕ್ಟೋಬರಿಗೆ ಹೋಗುವವರೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಗಿಬೀಳುತ್ತಾರೆ. ನಿಮ್ಮ ಕಾಗದ ಮೇ ತಿಂಗಳಲ್ಲೇ ಸಿದ್ಧವಿರಲಿ.

ಕೆಂಪುಮಣ್ಣು, ಧಾರವಾಡ

ತುಂಬಾ ಉಪಕಾರ ಆಯ್ತು. ಇನ್ನೊಂದು ಗೊಂದಲ ಅದ. ನನ್ನ ಪಾಸ್‌ಪೋರ್ಟಿನ್ಯಾಗ ಸರ್‌ನೇಮ್ ಜಾಗ ಖಾಲಿ ಅದ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ್ಯಾಗ ಇನಿಶಿಯಲ್, ಪದವಿ ಪ್ರಮಾಣಪತ್ರದಾಗ ತಂದಿ ಹೆಸರು ಪೂರ್ತಿ. ಇದೇನರ ತೊಂದರೆ ಕೊಡ್ತೈತೇನು?

ಅರ್ಜಿ ಫಾರಂ

ಕೊಡುತ್ತದೆ, ಅದರಲ್ಲೂ ನಮ್ಮ ಕಡೆಯವರಿಗೇ ಹೆಚ್ಚು. ಊರಿನ ಹೆಸರು, ತಂದೆಯ ಹೆಸರು, ಇನಿಶಿಯಲ್ ಎಲ್ಲ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತವೆ. ಜರ್ಮನಿಯ ಫಾರಂಗಳಿಗೆ ಕುಟುಂಬದ ಹೆಸರು ಬೇಕೇ ಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದನ್ನೇ ಕುಟುಂಬದ ಹೆಸರಿನ ಜಾಗದಲ್ಲಿ ಹಾಕುವುದು ರೂಢಿ. ಆಮೇಲೆ ವಿಮಾನದ ಟಿಕೆಟಿನಲ್ಲಿ ಅದೇ ಹೆಸರು ಎರಡು ಸಲ ಬರುತ್ತದೆ, ಬ್ಯಾಂಕಿನಲ್ಲಿ ಇನಿಶಿಯಲ್ ಸೇರುತ್ತದೆ, ವಿಮೆಯಲ್ಲಿ ತಂದೆಯ ಹೆಸರು ಸೇರುತ್ತದೆ. ಕೊನೆಗೆ ಬ್ಲಾಕ್ಡ್ ಅಕೌಂಟಿನವರು (ಖರ್ಚಿನ ಹಣ ಮೊದಲೇ ಇಟ್ಟು, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ ಅದು) "ಹಣ ಕಳಿಸಿದ ಹೆಸರು ಬೇರೆ" ಅಂತ ತಡೆಹಿಡಿಯುತ್ತಾರೆ.

ಎರಡು ದಾರಿ ಇವೆ. ಆರೇಳು ತಿಂಗಳು ಸಮಯ ಇದ್ದರೆ ಪಾಸ್‌ಪೋರ್ಟನ್ನೇ ಮರುವಿತರಣೆ ಮಾಡಿಸಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಸಮಯ ಇಲ್ಲದಿದ್ದರೆ ಆಹ್ವಾನ, ವಿಮೆ, ಖಾತೆ, ಟಿಕೆಟ್, ಮನೆ ಕರಾರು ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ಅಕ್ಷರಶಃ ಇರಲಿ. ಜೊತೆಗೆ ಈ ಎಲ್ಲ ರೂಪಗಳೂ ಒಬ್ಬರವೇ ಅನ್ನುವ ನೋಟರಿ ಅಫಿಡವಿಟ್ ಇಂಗ್ಲಿಷಿನಲ್ಲಿ ಒಂದು ಇಟ್ಟುಕೊಳ್ಳಿ.

ಅಪಾಸ್ಟೀಲ್ (ಕಾಗದ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ) ಮಾಡಿಸಿ ಅಂತ ಏಜೆಂಟರು ಹೇಳಿದರೆ ದುಡ್ಡು ಕೊಡಬೇಡಿ. ಭಾರತ ಅಪಾಸ್ಟೀಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತ್ತು, ಹಾಗಾಗಿ ನಮ್ಮ ಅಪಾಸ್ಟೀಲ್ ಅಲ್ಲಿ ನಡೆಯುವುದಿಲ್ಲ. ಕಾನ್ಸುಲೇಟ್ ಪಟ್ಟಿಯಲ್ಲಿ ಕೇಳಿದ್ದನ್ನಷ್ಟೇ ಕೊಡಿ.

ಕಡಲತಡಿ

ಬಾಸೆಲ್ ಮಿಷನ್ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಈ ವಿಷಯದ ಮೂಲ ಕಾಗದಗಳು ಹೈಡೆಲ್‌ಬರ್ಗಿನಲ್ಲಿ ಇಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಇವೆ. ಮಿಷನ್ 21 ಸಂಸ್ಥೆಯವರು ಅವನ್ನು ನೋಡಿಕೊಳ್ಳುತ್ತಾರೆ. ಹೈಡೆಲ್‌ಬರ್ಗಿನಲ್ಲಿ 1962ರಲ್ಲಿ ಶುರುವಾದ ದಕ್ಷಿಣ ಏಷ್ಯಾ ಸಂಸ್ಥೆ ಇದೆ, ಗ್ರಂಥಾಲಯ ಬಹಳ ಚೆನ್ನಾಗಿದೆ. ಅಲ್ಲಿ ಓದಿ, ಬಾಸೆಲ್‌ನಲ್ಲಿ ದಾಖಲೆ ನೋಡಿ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗನ್‌ನಲ್ಲಿ ಇದೆ. ನಿಮ್ಮ ಡಿ ವೀಸಾ ಮೇಲೆ 180 ದಿನಗಳಲ್ಲಿ 90 ದಿನ ಅಲ್ಲಿ ಇರಬಹುದು.

ಹೋಗುವ ಮುಂಚೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ನೋಡಿ. ಟ್ಯೂಬಿಂಗನ್ ವಿಶ್ವವಿದ್ಯಾಲಯ ಬಾಸೆಲ್ ಮಿಷನರಿ ಹರ್ಮನ್ ಗುಂಡರ್ಟ್ ಸಂಗ್ರಹದ ಪುಸ್ತಕ, ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಹಾಕಿದೆ, ಕನ್ನಡದವೂ ಇವೆ. ಬಾಸೆಲ್ ಮಿಷನ್ನಿನ ಹಳೆಯ ಫೋಟೋಗಳೂ ಅಂತರ್ಜಾಲದಲ್ಲಿವೆ. ಮನೆಯಲ್ಲಿ ಕೂತು ನೋಡಬಹುದಾದ್ದನ್ನು ನೋಡುವುದಕ್ಕೆ ಅಲ್ಲಿನ ಒಂದು ದಿನವನ್ನೂ ಕೊಡಬೇಡಿ.

ದೊಡ್ಡ ಅಡ್ಡಿ ಭಾಷೆಯದ್ದಲ್ಲ, ಲಿಪಿಯದ್ದು. ಹತ್ತೊಂಬತ್ತನೇ ಶತಮಾನದ ಪತ್ರಗಳು ಕುರೆಂಟ್ ಅನ್ನುವ ಹಳೆಯ ಕೈಬರಹದಲ್ಲಿವೆ. ಜರ್ಮನ್ ಬಿ1 (ಮಧ್ಯಮ ಹಂತದ ಭಾಷಾ ಪರೀಕ್ಷೆ) ಪಾಸಾದವರೂ ಮೊದಲ ಪುಟದಲ್ಲಿ ಒಂದು ಪದ ಓದಲಾರರು. ಅಲ್ಲಿ 'ಇ' ಅಕ್ಷರ ನೋಡಲು 'ಎನ್' ಥರ ಇರುತ್ತದೆ. 'ಯು' ಕೂಡ 'ಎನ್' ಥರವೇ, ತಲೆಯ ಮೇಲೆ ಒಂದು ಬಾಗಿದ ಗೆರೆ ಇದ್ದರೆ ಮಾತ್ರ ಅದು 'ಯು'. ಆದರೆ ನಮಗೆ ಒಂದು ಅನುಕೂಲ ಉಂಟು. ಪರಭಾಷೆಯ ಪದ ಬಂದಾಗ ಬರೆಯುವವರು ಸಾಮಾನ್ಯವಾಗಿ ಲ್ಯಾಟಿನ್ ಲಿಪಿಗೆ ಹೊರಳುತ್ತಿದ್ದರು. ಹಾಗಾಗಿ ಗೀಚಿದಂತೆ ಕಾಣುವ ಪುಟದ ನಡುವೆ ಹುಬ್ಬಳ್ಳಿ, ಧಾರವಾಡ, ಬೆಟಗೇರಿ, ಜೊತೆಗೆ ಒಂದೊಂದು ಕನ್ನಡ ಪದ ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಮೊದಲು ಅವನ್ನು ಹಿಡಿದು, ಯಾವ ಪುಟ ನಿಮಗೆ ಬೇಕಾದ್ದು ಅಂತ ಗುರುತು ಹಾಕಿಕೊಂಡು, ಆಮೇಲೆ ಸುತ್ತಲಿನ ವಾಕ್ಯ ಬಿಡಿಸಿ. ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಇಲ್ಲೇ ಕೂತು ಕುರೆಂಟ್ ಬರೆದು ಅಭ್ಯಾಸ ಮಾಡಿ. ಓದಿದರೆ ಸಾಲದು, ಕೈಯಿಂದ ಬರೆದರೇ ಕಣ್ಣಿಗೆ ಕೂರುವುದು. ಟ್ರಾನ್ಸ್‌ಕ್ರಿಬಸ್ ಅನ್ನುವ, ಹಳೆಯ ಕೈಬರಹ ಓದಿಕೊಡುವ ತಂತ್ರಾಂಶ ನೆರವಾಗುತ್ತದೆ, ಆದರೆ ನಮ್ಮ ಹೆಸರುಗಳ ಹತ್ತಿರ ತಪ್ಪುತ್ತದೆ, ಅಲ್ಲಿ ನಿಮ್ಮ ಕಣ್ಣೇ ಗತಿ.

ಕೇಂದ್ರಗಳು ಶುರುವಾದ ವರ್ಷ ಕೈಯಲ್ಲಿರಲಿ: ಮಂಗಳೂರು 1834, ಧಾರವಾಡ 1837, ಹುಬ್ಬಳ್ಳಿ 1839, ಬೆಟಗೇರಿ 1841. ಕಡತಗಳನ್ನು ಊರು ಮತ್ತು ವರ್ಷದ ಲೆಕ್ಕದಲ್ಲಿ ಕೇಳಬೇಕಾಗುತ್ತದೆ. "ಶಾಲೆಗಳ ಬಗ್ಗೆ ಇರುವುದೆಲ್ಲ ಕೊಡಿ" ಅಂದರೆ ಯಾರೂ ಏನೂ ಕೊಡಲಾರರು.

ಪಿಪೆಟ್

ಇತಿಹಾಸದವರಿಗೆ ಉತ್ತರ ಸಿಕ್ಕಿದೆ. ಇದೇ ಎಳೆಯನ್ನು ಸಸ್ಯಶಾಸ್ತ್ರ, ಕೃಷಿ, ಸೂಕ್ಷ್ಮಜೀವಿ ವಿಭಾಗದವರೂ ಓದುತ್ತಾರೆ, ಅವರಿಗಾಗಿ ಬರೆಯುತ್ತೇನೆ.

ಸ್ಯಾಂಪಲ್ಲನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಎಲೆ, ಬೀಜ, ಬ್ಯಾಕ್ಟೀರಿಯಾ ಯಾವುದೇ ಇರಲಿ, 2002ರ ಜೀವವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಸಂಶೋಧನೆಗೆ ಹೊರದೇಶಕ್ಕೆ ಒಯ್ಯುವ ಮುಂಚೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಅತ್ತ ಮಣ್ಣಿನ ಕಥೆ ಇನ್ನೂ ಕಟ್ಟುನಿಟ್ಟು. ನಮ್ಮಂಥ ದೇಶಗಳಿಂದ ಯುರೋಪಿಯನ್ ಒಕ್ಕೂಟಕ್ಕೆ ಮಣ್ಣು ತರುವುದು ನಿಷಿದ್ಧ, ವೈಜ್ಞಾನಿಕ ಕೆಲಸಕ್ಕೆ ಅಲ್ಲಿನ ಸಸ್ಯ ಸಂರಕ್ಷಣಾ ಇಲಾಖೆಯಿಂದ ಲ್ಯಾಬಿನವರು ವಿಶೇಷ ಅನುಮತಿ ಪಡೆದಿರಬೇಕು. ಬೇರಿಗೆ ಅಂಟಿದ ಮಣ್ಣೂ ಮಣ್ಣೇ. ಇದರ ಜೊತೆಗೆ ಎರಡು ಸಂಸ್ಥೆಗಳ ನಡುವೆ ಮೆಟೀರಿಯಲ್ ಟ್ರಾನ್ಸ್‌ಫರ್ ಒಪ್ಪಂದ ಆಗಬೇಕು, ಎರಡೂ ಕಡೆ ಕಾನೂನು ವಿಭಾಗದ ಮೇಜಿನ ಮೇಲೆ ಅದು ತಿಂಗಳುಗಟ್ಟಲೆ ಕೂರುತ್ತದೆ. ಸ್ಯಾಂಪಲ್ ಬರದೆ ಲ್ಯಾಬಿನಲ್ಲಿ ಕೈಕಟ್ಟಿ ಕೂರುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಸಾಧ್ಯವಾದರೆ ಅಲ್ಲಿನ ಲ್ಯಾಬಿನಲ್ಲೇ ಇರುವ ತಳಿಗಳ ಮೇಲೆ ಮಾಡುವ ಪ್ರಯೋಗವನ್ನೇ ಆರಿಸಿಕೊಳ್ಳಿ, ವಿಧಾನ ಕಲಿತು ಬಂದು ಇಲ್ಲಿ ನಿಮ್ಮ ಸ್ಯಾಂಪಲ್ ಮೇಲೆ ಮಾಡಿ.

ಸುರಕ್ಷತಾ ತರಬೇತಿಯ ಹಾಳೆಗೆ ಸಹಿ ಬೀಳುವವರೆಗೆ ಲ್ಯಾಬಿನ ಕೀಲಿ ಸಿಗುವುದಿಲ್ಲ. ಅದರ ದಿನಾಂಕವನ್ನು ಊರಿನಿಂದಲೇ ಗೊತ್ತುಮಾಡಿಕೊಳ್ಳಿ. ದೊಡ್ಡ ಯಂತ್ರಗಳಿಗೆ ಸರದಿ ಇರುತ್ತದೆ, ನವೆಂಬರ್ ಮೊದಲ ವಾರದ ಸರದಿಯನ್ನು ಆಗಸ್ಟ್‌ನಲ್ಲೇ ಕೇಳಿ. ಲೇಖಕರ ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿ, ದತ್ತಾಂಶ ಯಾರದು, ಎರಡೂ ಕಡೆಯ ಗೈಡ್‌ಗಳಿಗೂ ಪ್ರತಿ ಹೋಗುವಂತೆ ಒಂದು ಮೇಲ್‌ನಲ್ಲಿ ಮೊದಲೇ ಬರೆದುಬಿಡಿ. ಮನುಷ್ಯರ ವೈಯಕ್ತಿಕ ಮಾಹಿತಿ ಇರುವ ದತ್ತಾಂಶವನ್ನು ಯುರೋಪಿನ ದತ್ತಾಂಶ ಸಂರಕ್ಷಣೆ ಕಾನೂನಿನಂತೆ ಸುಮ್ಮನೆ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರಲಾಗದು. ಅನುಮತಿ ಕೇಳುವುದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಲೆಕ್ಕದ ಪುಸ್ತಕ

ದುಡ್ಡಿನ ಮಾತು. ಸ್ಕಾಲರ್‌ಶಿಪ್ ಅರ್ಧ ಅಂದಿರಿ, ಮಿಕ್ಕಿದ್ದಕ್ಕೆ ಬ್ಲಾಕ್ಡ್ ಅಕೌಂಟ್ ಕೇಳಬಹುದು. ವಿದ್ಯಾರ್ಥಿ ವೀಸಾಕ್ಕೆ 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದದ್ದು ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952. ಸಂಶೋಧಕರ ವೀಸಾಕ್ಕೆ ಎಷ್ಟು ಅನ್ನುವುದನ್ನು ಅರ್ಜಿ ಹಾಕುವ ದಿನದ ಪಟ್ಟಿಯಲ್ಲೇ ನೋಡಿ. ಸ್ಕಾಲರ್‌ಶಿಪ್ ಪತ್ರದಲ್ಲಿ ತಿಂಗಳಿಗೆ ಇಂತಿಷ್ಟು, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಸ್ಪಷ್ಟವಾಗಿ ಇದ್ದರೆ ಅಷ್ಟು ಕಳೆದು ಉಳಿದದ್ದಕ್ಕೆ ಖಾತೆ ತೋರಿಸಬಹುದು.

ಹಣ ಕಳಿಸುವಾಗ ಆಗುವ ತಪ್ಪು ಒಂದೇ ಥರದ್ದು. ಬ್ಯಾಂಕಿನಲ್ಲಿ ಎ2 ಫಾರಂ (ಹೊರದೇಶಕ್ಕೆ ಹಣ ಕಳಿಸುವುದಕ್ಕೆ ತುಂಬುವುದು), ಪ್ಯಾನ್ ಕೊಟ್ಟು 5,952 ಯೂರೋ ಕಳಿಸುತ್ತೀರಿ. ದಾರಿಯಲ್ಲಿ ನಡುವಿನ ಬ್ಯಾಂಕು ತನ್ನ ಕಮಿಷನ್ ಮುರಿದುಕೊಳ್ಳುತ್ತದೆ. ಅತ್ತ ಇಪ್ಪತ್ತು ಯೂರೋ ಕಡಿಮೆ ಸೇರುತ್ತದೆ, ಖಾತೆ ದೃಢೀಕರಣ ಪತ್ರ ಬರುವುದಿಲ್ಲ, ವೀಸಾ ನಿಲ್ಲುತ್ತದೆ. ಫಾರಂನಲ್ಲಿ 'ಎಲ್ಲ ಶುಲ್ಕ ಕಳಿಸುವವರದೇ' ಅನ್ನುವ ಆಯ್ಕೆ ಗುರುತು ಮಾಡಿಸಿ, ಮೇಲೆ ನೂರು ಯೂರೋ ಹೆಚ್ಚೇ ಕಳಿಸಿ. ಹೆಚ್ಚಾದದ್ದು ನಿಮ್ಮ ಖಾತೆಯಲ್ಲೇ ಇರುತ್ತದೆ. 2025ರ ಏಪ್ರಿಲ್‌ನಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟುವವರೆಗೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ, ನಿಮ್ಮ ಮೊತ್ತ ಅದರೊಳಗೇ ಬರುತ್ತದೆ.

ಇನ್ನು ಬಹಳ ಜನ ಮರೆಯುವ ವಿಷಯ. ಆರು ತಿಂಗಳು ಹೊರಗಿದ್ದರೂ ಆ ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ನೀವು ಇಲ್ಲಿನ ನಿವಾಸಿಯೇ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ಕ್ಕೆ ಸರಿಯಾಗಿ 183 ದಿನ. ಅಂದರೆ ಅಕ್ಟೋಬರ್ 1ಕ್ಕೆ ಹೊರಟವರೂ ನಿವಾಸಿಗಳೇ. ನಿವಾಸಿಯ ಹೆಸರಿನಲ್ಲಿ ಹೊರದೇಶದ ಬ್ಯಾಂಕ್ ಖಾತೆ ಇದ್ದರೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಅನುಸೂಚಿ ತುಂಬಬೇಕು, ಖಾತೆಯಲ್ಲಿ ಐವತ್ತು ಯೂರೋ ಇದ್ದರೂ ಸರಿ. ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು. ಖಾತೆ ಮುಚ್ಚುವ ಮುಂಚೆ ಪೂರ್ತಿ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ.

ವಿಭಾಗದ ಕಾರಿಡಾರ್

ನಮ್ಮ ಕಡೆಯ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಗೈಡ್ ಒಪ್ಪಿದರೆ ಮುಗಿಯಲಿಲ್ಲ. 2022ರ ಯುಜಿಸಿ ನಿಯಮದ ಪ್ರಕಾರ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಒಪ್ಪಿಸಬೇಕು. ನೀವು ಹೊರಗಿರುವ ಸೆಮಿಸ್ಟರಿನದ್ದನ್ನು ವಿಡಿಯೋದಲ್ಲಿ ಮಾಡಬಹುದೇ ಅಂತ ಸಮಿತಿಯ ನಡಾವಳಿಯಲ್ಲೇ ಬರೆಸಿ. ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಅರ್ಜಿ ಹೋಗಿ ನಿರಾಕ್ಷೇಪಣಾ ಪತ್ರ ಬರಬೇಕು. ಕಡತ ತಾನಾಗಿ ನಡೆಯುವುದಿಲ್ಲ, ವಾರಕ್ಕೊಮ್ಮೆ ಹೋಗಿ ಯಾವ ಮೇಜಿನ ಮೇಲಿದೆ ನೋಡಿ. ಜೆಆರ್‌ಎಫ್ (ಯುಜಿಸಿ ಸಂಶೋಧನಾ ಫೆಲೋಶಿಪ್) ಪಡೆಯುವವರು ಎರಡೂ ಕಡೆಯ ಹಣ ಒಟ್ಟಿಗೆ ತೆಗೆದುಕೊಳ್ಳಬಹುದೇ ಅನ್ನುವುದಕ್ಕೆ ಲಿಖಿತ ಉತ್ತರ ಇಲ್ಲದೆ ಹೊರಡಬೇಡಿ. ಆಮೇಲೆ ವಸೂಲಿ ನೋಟಿಸ್ ಬಂದರೆ ಕಟ್ಟುವುದು ಕಷ್ಟ.

ಒಗ್ಗರಣೆ

ಗಂಟಿನ ವಿಷಯ ಚುಟುಕಾಗಿ. ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪವೂ ಹಾಲಿನದೇ, ಧಾರವಾಡ ಪೇಡೆಯೂ ಹಾಲಿನದೇ. ಪ್ರೊಫೆಸರಿಗೆ ಅಂತ ಪೇಡೆ ಡಬ್ಬಿ ಕಟ್ಟಿಕೊಂಡು ಹೋಗಬೇಡಿ, ಫ್ರಾಂಕ್‌ಫರ್ಟಿನಲ್ಲಿ ಕಸದ ಬುಟ್ಟಿ ಸೇರುತ್ತದೆ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಒಣ ಹುಣಸೆ, ಅವಲಕ್ಕಿ ಪರವಾಗಿಲ್ಲ. ಔಷಧ ಮೂರು ತಿಂಗಳಿಗಾಗುವಷ್ಟು, ಇಂಗ್ಲಿಷಿನಲ್ಲಿ ವೈದ್ಯರ ಚೀಟಿಯ ಜೊತೆ.

ಒಂದೇ ಕೋಣೆಯ ಮನೆಯಾದರೆ ಮಲಗುವ ಜಾಗದ ಮಾಡಿನಲ್ಲಿ ಹೊಗೆ ಎಚ್ಚರಿಕೆ ಗಂಟೆ ಇರುತ್ತದೆ. ಒಣಮೆಣಸಿನ ಒಗ್ಗರಣೆಗೆ ಅದು ಕೂಗುತ್ತದೆ. ಮೊದಲು ಕಿಟಕಿ ಪೂರ್ತಿ ತೆರೆದು, ಒಲೆ ಸಣ್ಣದಿಟ್ಟು, ಮುಚ್ಚಳ ಹಿಡಿದು ಹಾಕಿ. ಕುಕ್ಕರಿನ ಹಬೆ ಚಳಿಗಾಲದಲ್ಲಿ ಗೋಡೆಯ ಮೂಲೆಯಲ್ಲಿ ನೀರಾಗಿ ಕೂತು ಬೂಸ್ಟು ಹಿಡಿಯುತ್ತದೆ. ಬೂಸ್ಟು ಬಂದರೆ ಮನೆ ಮಾಲೀಕರು ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ದಿನಕ್ಕೆ ಎರಡು-ಮೂರು ಸಲ ಐದೈದು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ, ಅರ್ಧ ವಾಲಿಸಿ ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗಿ ಇನ್ನೂ ಹೆಚ್ಚಾಗುತ್ತದೆ.

ನೆಕ್ಕಾರ್ ದಂಡೆ

ಇಳಿದ ಮೇಲಿನದ್ದು. ಮನೆ ನೋಡುವಾಗ 'ಕೋಲ್ಡ್' ಬಾಡಿಗೆ, 'ವಾರ್ಮ್' ಬಾಡಿಗೆ ಅಂತ ಎರಡಿರುತ್ತವೆ. ಎರಡನೆಯದರಲ್ಲಿ ಮನೆ ಬಿಸಿ ಮಾಡುವ ಖರ್ಚು, ನೀರು, ನಿರ್ವಹಣೆ ಸೇರಿರುತ್ತದೆ, ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಡಿಪಾಸಿಟ್ ಕಾನೂನಿನಂತೆ ಮೂರು ತಿಂಗಳ ಕೋಲ್ಡ್ ಬಾಡಿಗೆಗಿಂತ ಹೆಚ್ಚಿರಬಾರದು. "ನಾನು ಊರಲ್ಲಿಲ್ಲ, ಹಣ ಹಾಕಿ, ಕೀಲಿ ಕೊರಿಯರ್ ಮಾಡುತ್ತೇನೆ" ಅಂದವರೆಲ್ಲ ಮೋಸಗಾರರೇ ಅಂತ ತಿಳಿಯಿರಿ. ಮೊದಲ ತಿಂಗಳಿಗೆ ವಿಶ್ವವಿದ್ಯಾಲಯದ ಅತಿಥಿಗೃಹ ಕೇಳಿ.

ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್ ಆಗಬೇಕು. ಅದಕ್ಕೆ ಮನೆ ಮಾಲೀಕರ ಸಹಿಯ ದೃಢೀಕರಣ ಪತ್ರ ಬೇಕು, ಬಾಡಿಗೆ ಕರಾರು ಸಾಲದು. ನೋಂದಣಿಗೆ ಒಪ್ಪದ ಮನೆ ಅಗ್ಗವಾದರೂ ಬೇಡ. ಆಮೇಲೆ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅವತ್ತೇ ಅಂಟಿಸಿ. ಬ್ಯಾಂಕ್ ಕಾರ್ಡು, ವಿಮೆಯ ಕಾಗದ, ತೆರಿಗೆ ಸಂಖ್ಯೆ ಎಲ್ಲ ಅಂಚೆಯಲ್ಲೇ ಬರುವುದು. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ವಾಪಸ್ ಕಳಿಸುತ್ತಾರೆ, ಬಾಗಿಲು ತಟ್ಟಿ ಕೇಳುವ ಪದ್ಧತಿ ಇಲ್ಲ.

ನೋಂದಣಿಯಾದ ಕೆಲವು ವಾರಕ್ಕೆ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ. ಅದು ತಲೆಗಲ್ಲ, ಮನೆಗೆ. ಜೊತೆಗಾರರು ಕಟ್ಟುತ್ತಿದ್ದರೆ ಅವರ ಸಂಖ್ಯೆ ಬರೆದು ಉತ್ತರಿಸಿ, ಸುಮ್ಮನಿದ್ದರೆ ಬಾಕಿ ಬೆಳೆಯುತ್ತದೆ.

ವಿಮೆ: ಡಾಕ್ಟರಲ್ ಸಂಶೋಧಕರಿಗೆ ವಿದ್ಯಾರ್ಥಿಗಳ ಅಗ್ಗದ ಸರ್ಕಾರಿ ವಿಮೆ ಸಿಗುವುದಿಲ್ಲ. ಖಾಸಗಿ ವಿಮೆ ತೆಗೆದುಕೊಳ್ಳುವಾಗ ಅದು ವಿಮಾನ ಇಳಿಯುವ ದಿನದಿಂದ ಶುರುವಾಗಲಿ, ಹಳೆಯ ಕಾಯಿಲೆ, ಹಲ್ಲು ಸೇರಿದೆಯೇ ನೋಡಿ, ಸ್ವಿಟ್ಜರ್ಲೆಂಡಿನಲ್ಲೂ ನಡೆಯುತ್ತದೆ ಅಂತ ಬರೆದಿರಲಿ.

ಕಡಲತಡಿ

ಬಾಸೆಲ್ ಓಡಾಟಕ್ಕೆ ಇನ್ನೆರಡು ಮಾತು. ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಪ್ರಾದೇಶಿಕ ರೈಲುಗಳಿಗೆ ಮಾತ್ರ, ವೇಗದ ಐಸಿಇ ರೈಲು ಹತ್ತುವಂತಿಲ್ಲ. ಅದರಲ್ಲೇ ಬಾಸೆಲ್ ಬಾಡಿಶರ್ ನಿಲ್ದಾಣದವರೆಗೆ ಹೋಗಬಹುದು, ಅಲ್ಲಿಂದ ಮುಂದೆ ಟ್ರಾಮಿಗೆ ಬೇರೆ ಟಿಕೆಟ್. ಬೇಡವಾದರೆ ತಿಂಗಳ 10ರೊಳಗೆ ರದ್ದು ಮಾಡಬೇಕು, ತಪ್ಪಿದರೆ ಮುಂದಿನ ತಿಂಗಳದ್ದೂ ಹೋಗುತ್ತದೆ. ಗಡಿ ದಾಟುವ ಮುಂಚೆ ಫೋನಿನ ಡೇಟಾ ಆರಿಸಿ, ಒಕ್ಕೂಟದ ಉಚಿತ ರೋಮಿಂಗ್ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲ. ಲ್ಯಾಪ್‌ಟಾಪಿನ ದಪ್ಪ ಜರ್ಮನ್ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಎರಡು ದುಂಡು ಪಿನ್ನಿನ ಚಪ್ಪಟೆ ಪ್ಲಗ್ ಎರಡೂ ಕಡೆ ಕೂರುತ್ತದೆ. ಪಾಸ್‌ಪೋರ್ಟ್ ಮೂಲ ಪ್ರತಿ ಜೇಬಿನಲ್ಲೇ ಇರಲಿ.

ಕೆಂಪುಮಣ್ಣು, ಧಾರವಾಡ

ಎಲ್ಲ ಬರಕೊಂಡೆ. ವಾಪಸ್ ಬರೋ ಮುಂಚೆ ಏನು ಮಾಡಬೇಕು? ಬಾಸೆಲ್ಲಿಗೆ ಯಾವ ತಿಂಗಳು ಹೋಗೋದು ಛಲೋ?

ನೆಕ್ಕಾರ್ ದಂಡೆ

ಹೊರಡುವ ಒಂದು ವಾರ ಮುಂಚೆಯಿಂದ ವಿಳಾಸ ರದ್ದತಿ ಮಾಡಿಸಬಹುದು. ಅದರ ಕಾಗದ ಇದ್ದರೇ ರೇಡಿಯೋ ಶುಲ್ಕ ನಿಲ್ಲುವುದು, ವಿಮೆ ಮುಗಿಯುವುದು. ಬ್ಯಾಂಕ್ ಖಾತೆ ಮಾತ್ರ ತಕ್ಷಣ ಮುಚ್ಚಬೇಡಿ. ಮನೆಯ ಡಿಪಾಸಿಟ್ ವಾಪಸ್ ಬರುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಅದು ಬಂದ ಮೇಲೆ ಮುಚ್ಚಿ.

ಕಡಲತಡಿ

ಎರಡು ಸಲ ಹೋಗಿ. ನವೆಂಬರಿನಲ್ಲಿ ಒಂದು ವಾರ, ಕಡತಗಳಲ್ಲಿ ಏನಿದೆ ಅಂತ ಗುರುತಿಸಿಕೊಳ್ಳುವುದಕ್ಕೆ. ಫೆಬ್ರವರಿಯಲ್ಲಿ ಸೆಮಿನಾರ್ ಮುಗಿದ ಮೇಲೆ ಮೂರು ವಾರ, ಕೂತು ಓದುವುದಕ್ಕೆ. ನಡುವಿನ ಡಿಸೆಂಬರ್ ರಜೆಯಲ್ಲಿ ಮೊದಲ ವಾರದ ಪುಟಗಳನ್ನು ಬಿಡಿಸುತ್ತಾ ಕೂತರೆ ಆ ಎರಡು ವಾರವೂ ದಂಡವಾಗುವುದಿಲ್ಲ. ದಾಖಲೆ ಕೋಣೆಗೆ ಈಗಲೇ ಒಂದು ಮೇಲ್ ಬರೆಯಿರಿ: ಧಾರವಾಡ ಮತ್ತು ಹುಬ್ಬಳ್ಳಿ, 1837ರಿಂದ ಯಾವ ವರ್ಷದವರೆಗೆ ಬೇಕು, ತ್ರೈಮಾಸಿಕ ವರದಿಯೋ ಖಾಸಗಿ ಪತ್ರವೋ. ಫೋಟೋ ತೆಗೆಯಲು ಬಿಡುತ್ತಾರೆಯೇ, ಪ್ರಬಂಧದಲ್ಲಿ ಅಚ್ಚು ಹಾಕಲು ಶುಲ್ಕ ಎಷ್ಟು ಅಂತಲೂ ಅದೇ ಮೇಲ್‌ನಲ್ಲಿ ಕೇಳಿ. ಉತ್ತರದಲ್ಲಿ ಕಡತ ಸಂಖ್ಯೆಗಳು ಬಂದರೆ ಇಲ್ಲಿ ಹಾಕಿ, ಯಾವುದನ್ನು ಮೊದಲು ತೆಗೆಸಬೇಕು ಅಂತ ಸೇರಿ ನೋಡೋಣ.